‘ಉ’ಗೂ ‘ಹೂಂ’ಗೂ ನಡುವೆ

ಮುಖವಾಡವನ್ನು ಕಿತ್ತು ದಿಂಬಿನ ಮೇಲೆ ಎಸೆದು ನಾನು ಎದ್ದು ಕೂರುವಷ್ಟರಲ್ಲಿ ಯಮನಪ್ಪ ನನ್ನ ಸೈಕಲ್ಲನ್ನು ಜಗಲಿಯಿಂದ ಇಳಿಸಿ ಬೀದಿಗೆ ತಂದಾಗಿತ್ತು. ಸ್ಟ್ಯಾಂಡನ್ನು ಕಾಲಿನಿಂದ ಒದ್ದು ಮೇಲೆತ್ತಿದ. ಸೀಟನ್ನು ಒತ್ತಿ ನೋಡಿದ. ಗಂಟೆಯನ್ನು ಒಮ್ಮೆ ಬಾರಿಸಿ, ಆ ಸದ್ದು ತನ್ನ ಮನೆಯ ಮುಂದೆ ಹೇಗೆ ಕೇಳೀತು ಎಂದು ಯೋಚಿಸುವವನ ಹಾಗೆ ತಲೆ ಓರೆ ಮಾಡಿದ.

“ಏ ಯಮನಪ್ಪ, ಎಲ್ಲಿಗೆ ಹೊಂಟಿ ಅದನ್ನ ತಗೊಂಡು?”

“ಮನಿಗೆ.”

“ಅದು ನನ್ನ ಸೈಕಲ್ಲು.”

“ಇತ್ತರಿ. ಈಗ ನಿಮ್ಮ ತಲಿದಿಂಬಿನ ಹತ್ರ ಕುಂತು ಕೇಳಿದೆ, ‘ಪೇಂಟರ್ರ, ಸೈಕಲ್ ನನಗ ಕೊಡ್ತೀರೇನು?’ ಅಂತ. ಹೂಂ ಅಂದ್ರಿ. ನನಗ ನಂಬಿಕಿ ಬರಲಿಲ್ಲ, ಮತ್ತೊಮ್ಮೆ ಕೇಳಿದೆ. ಮತ್ತ ಹೂಂ ಅಂದ್ರಿ. ಇಷ್ಟು ಪ್ರೀತಿಲೆ ನನಗ ಯಾರೂ ಏನೂ ಕೊಟ್ಟಿಲ್ಲ ಬಿಡ್ರಿ.”

ಅವನ ಕಣ್ಣಲ್ಲಿ ನೀರಿತ್ತು. ನಾನು ಎಚ್ಚರವಾಗಿದ್ದೆ, ಆದ್ದರಿಂದ ಅವನ ಮನಸ್ಸು ನೋಯಿಸಲಾರದೆ “ಹೂಂ, ಹೋಗಿ ಬಾ” ಎಂದೆ. ಯಮನ ಹೆಸರಿಟ್ಟುಕೊಂಡವನು ತಲೆದಿಂಬಿನ ಪಕ್ಕ ಕೂತು ಕೇಳಿದ್ದು ಸೈಕಲ್ಲನ್ನಷ್ಟೇ ಎಂದು ಸಮಾಧಾನ ಮಾಡಿಕೊಳ್ಳಬೇಕಾಯಿತು.

ಎಚ್ಚರವಿರುವವನ ಹೂಂಗೆ ನಮ್ಮೂರಲ್ಲಿ ಬೆಲೆಯಿಲ್ಲ. ಎಚ್ಚರವಿರುವವರು ಎಲ್ಲದಕ್ಕೂ ಹೂಂ ಅನ್ನುತ್ತಾರೆ. ಅದು ‘ಊಟ ಆತೇನ್ರಿ’ ಎಂದ ಹಾಗೆ, ಬಾಯಿಯ ಮರ್ಯಾದೆ. ಗಟ್ಟಿ ಮಾತು ಬೇಕಾದವರು ಬಿಸಿಲೇರುವ ತನಕ ಕಾಯುತ್ತಾರೆ. ಆಗ ಊರಿಗೆ ಊರೇ ಜಗಲಿಗಳ ಮೇಲೆ ಚಾಪೆ ಹಾಸಿ ಮಲಗುತ್ತದೆ, ತಂಪು ಹೊತ್ತಿನ ಕೆಲಸಗಳಿಗೆ ಮತ್ತೆ ಏಳುವವರೆಗೆ. ಕೇಳುವವರು ಆ ದಿನದ ತಮ್ಮ ನಿದ್ದೆ ಬಿಟ್ಟು, ಕಾಲ್ಬೆರಳ ಮೇಲೆ ನಡೆದು ಬಂದು, ಮಲಗಿದವನ ಕಿವಿಯ ಹತ್ತಿರ ಕೇಳುತ್ತಾರೆ. ಹೂಂ ಬಂದರೆ ಹೂಂ. ಉಹೂಂ ಬಂದರೆ ಉಹೂಂ. ಹೆಣ್ಣು ಕೊಡುವುದು, ಎತ್ತು ಮಾರುವುದು, ಮಳೆಗಾಲಕ್ಕೆ ಮುಂಚೆ ಪಾಲಿನ ಗೋಡೆಗೆ ಸುಣ್ಣ ಯಾರು ಹೊಡೆಸಬೇಕು ಎನ್ನುವುದು, ಎಲ್ಲ ಹೀಗೇ.

ಮುಖವಾಡ ಬರುವ ಮೊದಲು ನಾನು ಈ ಊರಿನಲ್ಲಿ ದೊಡ್ಡ ಮನುಷ್ಯ. ವೃತ್ತಿಯಿಂದ ಬೋರ್ಡು ಬರೆಯುವವನು, ಹೆಸರು ಪರಸಪ್ಪ. ಆದರೆ ಜನ ಕರೆಯುತ್ತಿದ್ದದ್ದು ‘ಉಹೂಂ ಪೇಂಟರ್’ ಎಂದು. ಎಚ್ಚರವಿದ್ದಾಗ ನನ್ನಷ್ಟು ಮೆತ್ತಗಿನವನು ಇನ್ನೊಬ್ಬನಿಲ್ಲ. ಅಂಗಡಿಯವನು ಕೊಳೆತ ಬದನೆಕಾಯಿ ತೂಗಿದರೂ ಹೂಂ ಎಂದು ಚೀಲ ಹಿಡಿಯುತ್ತೇನೆ. ಆದರೆ ಮಲಗಿದೆನೋ, ಪೂರ್ತಿ ಬೇರೆ ಗಂಡಸು. ಸಾಲ ಕೊಡ್ತೀರಾ ಎಂದರೆ ಉಹೂಂ. ಏಣಿ ಎರವಲು ಕೊಡ್ತೀರಾ ಎಂದರೆ ಉಹೂಂ. ಅದೂ ಎಂಥ ಉಹೂಂ! ಮೊದಲು ಗಂಟಲ ಆಳದಿಂದ ಒಂದು ‘ಉ’. ಆಮೇಲೆ ಮೌನ. ಕೇಳಿದವನು ಎಂಜಲು ನುಂಗಿ, ತಾನು ಕೇಳಿದ್ದು ತಪ್ಪಾಯಿತೇನೋ ಎಂದು ಚಡಪಡಿಸಿ, ಬಾಗಿ ನನ್ನ ಮುಖ ನೋಡುವಷ್ಟು ಮೌನ. ಕೊನೆಗೆ ಎದೆಯೆಲ್ಲ ಎದ್ದು ಬಿದ್ದು, ಜಗಲಿ ನಡುಗುವ ಹಾಗೆ ‘ಹೂಂ!’

“ಉ ಅಂದ ಮ್ಯಾಲ ವಿಚಾರ ಮಾಡ್ತಾನ ನೋಡು” ಎಂದು ಅಪ್ಪಂದಿರು ಮಕ್ಕಳನ್ನು ಕರೆತಂದು ತೋರಿಸುತ್ತಿದ್ದರು. “ಬ್ಯಾಡ ಅನ್ನೂದಂದ್ರ ಹಿಂಗ ಇರಬೇಕು. ನಿಮ್ಮವ್ವನ ಕಡೆಯವರ್ಹಂಗ ಅಲ್ಲ.”

ಇದನ್ನೆಲ್ಲ ನಾನು ಎದ್ದ ಮೇಲೆ ಕೇಳಿ ಮೀಸೆ ತೀಡುತ್ತಿದ್ದೆ. ನನ್ನೊಳಗೆ ಒಬ್ಬ ಗಟ್ಟಿ ಮನುಷ್ಯನಿದ್ದಾನೆ, ನಾನು ಮಲಗುವುದನ್ನೇ ಕಾಯುತ್ತಿರುತ್ತಾನೆ ಎಂದು ಪ್ರಾಮಾಣಿಕವಾಗಿ ನಂಬಿದ್ದೆ. ಆ ‘ಉ’ಗೂ ‘ಹೂಂ’ಗೂ ನಡುವೆ ನಾನು ವಿಚಾರ ಮಾಡುತ್ತಿರಲಿಲ್ಲ, ಸಾಯುತ್ತಿದ್ದೆ ಎನ್ನುವುದು ಒಬ್ಬಳಿಗೆ ಮಾತ್ರ ಗೊತ್ತಿತ್ತು.

ನನ್ನ ಹೆಂಡತಿ ನೀಲಗಂಗಾ. ಮದುವೆಯಾದ ಹೊಸದರಲ್ಲೇ ಅವಳು ನನ್ನ ತಲೆಯ ಪಕ್ಕ ಒಂದು ಸ್ಟೂಲು ಹಾಕಿಕೊಂಡು ಕೂತಳು. ಕೈಯಲ್ಲಿ ಬಿದಿರಿನ ಬೀಸಣಿಗೆ. ನೋಡಿದವರಿಗೆ ಗಂಡನಿಗೆ ಗಾಳಿ ಹಾಕುವ ಹೆಂಡತಿ. ನಿಜವಾಗಿ ಆ ಬೀಸಣಿಗೆಯ ಹಿಡಿ ನನ್ನ ಪಕ್ಕೆಗೆ. ‘ಉ’ ಆದ ಮೇಲೆ ‘ಹೂಂ’ ಬರುವುದು ತೀರ ತಡವಾದರೆ ಹಿಡಿಯಿಂದ ಒಂದು ತಿವಿತ. ಊರು ಮೆಚ್ಚಿದ ನನ್ನ ಗರ್ಜನೆಯಲ್ಲಿ ಅರ್ಧ ಅವಳ ಕೈಚಳಕ. ಹೀಗಾಗಿ ಅವಳು ಜಗಲಿಯ ಮೇಲೆ ಮಲಗಿದ್ದೇ ಇಲ್ಲ. ಒಲೆಯ ಪಕ್ಕ, ಗೋಡೆಗೆ ಒರಗಿ, ಕೂತಲ್ಲೇ ತುಣುಕು ತುಣುಕಾಗಿ ತೂಕಡಿಸುತ್ತಿದ್ದಳು. ಕೂತವರ ನಿದ್ದೆ ನಮ್ಮೂರಲ್ಲಿ ಲೆಕ್ಕಕ್ಕಿಲ್ಲ. ಅವಳನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಪಕ್ಕದ ಮನೆಯ ಯಮನಪ್ಪನ ಹೆಂಡತಿ ದ್ಯಾಮವ್ವ ದಿನಾ ಬಂದು ಹೆಪ್ಪಿಗೆಂದು ನಮ್ಮ ಮೊಸರಿನ ಗಡಿಗೆಯನ್ನೇ ಬಗ್ಗಿಸಿಕೊಂಡು ಹೋಗುತ್ತಿದ್ದಳು. “ತಗೋಳ್ಳೇನವಾ?” “ಹೂಂ.” ಎಚ್ಚರದ ಹೂಂ, ಎಲ್ಲರೂ ಅನ್ನುವ ಹೂಂ. ಅದರಲ್ಲಿ ವಿಚಿತ್ರವೇನೂ ನನಗೆ ಕಾಣಲಿಲ್ಲ. ಮಲಗಿದವನಿಗೆ ಏನು ತಾನೇ ಕಾಣುತ್ತದೆ?

ಕಷ್ಟ ಶುರುವಾದದ್ದು ಕೆಲಸದಲ್ಲಿ. ಏಣಿಯ ಮೇಲೆ ನಿಂತು ಅಕ್ಷರ ಬರೆಯುತ್ತಿರುವಾಗಲೇ ನನಗೆ ನಿದ್ದೆ ಹತ್ತುತ್ತಿತ್ತು. ಕೈ ಕೆಳಗೆ ಜಾರುತ್ತಿತ್ತು, ಕೈಯ ಜೊತೆ ಬ್ರಷ್ಷು. ಊರ ಬೋರ್ಡುಗಳಲ್ಲೆಲ್ಲ ಒಂದೊಂದು ಅಕ್ಷರಕ್ಕೆ ಬಾಲ ಬೆಳೆಯಿತು. ಪಾತ್ರೆ ಅಂಗಡಿಯ ‘ತ್ರೆ’ ಬಾಗಿಲ ಚೌಕಟ್ಟಿನವರೆಗೆ ಇಳಿದಿತ್ತು. ಜನ ಅದನ್ನು ನನ್ನ ಶೈಲಿ ಅಂದರು. ಬಾಲ ಸಣ್ಣದಾದರೆ “ನಮ್ಮ ಬೋರ್ಡಿಗೆ ಯಾಕ್ರಿ ಕಡಿಮಿ ಮಾಡೀರಿ?” ಎಂದು ತಕರಾರು ತೆಗೆದರು. ಕಲೆಯ ವಿಷಯದಲ್ಲಿ ನಾನು ಸೂಕ್ಷ್ಮ. ನಾನೂ ಅದನ್ನು ಶೈಲಿ ಎಂದೇ ಒಪ್ಪಿಕೊಂಡೆ. ಹಿಟ್ಟಿನ ಗಿರಣಿಯ ಬೋರ್ಡು ಬರೆಯುವಾಗ ಮಾತ್ರ ಬ್ರಷ್ಷಿನ ಹಿಂದೆಯೇ ನಾನೂ ಇಳಿದುಬಿಟ್ಟೆ. ಕೆಳಗೆ ತೌಡಿನ ಚೀಲಗಳಿದ್ದವು, ಬದುಕಿದೆ. ಬಿದ್ದ ಮೇಲೂ ಎಚ್ಚರವಾಗಿರಲಿಲ್ಲವಂತೆ. ಗಿರಣಿಯವನು ಈ ಅವಕಾಶ ಬಿಡಬಾರದೆಂದು, ಬೋರ್ಡಿನ ದುಡ್ಡು ಬಿಟ್ಟುಬಿಡ್ತೀರಾ ಎಂದು ಕೇಳಿದನಂತೆ. ತೌಡಿನ ಮೇಲಿಂದಲೇ ಉಹೂಂ ಎಂದೆನಂತೆ.

ಮರುದಿನ ನೀಲಾ ನನ್ನನ್ನು ಹೊಳೆಯಾಚೆಯ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅಲ್ಲಿಯ ಡಾಕ್ಟರಮ್ಮ ನನ್ನ ಮೈಗೆಲ್ಲ ವೈರು ಅಂಟಿಸಿ ಮಲಗಿಸಿದರು. ಎದ್ದಾಗ ಅವರ ಮುಖ ಬಿಳಿಚಿತ್ತು.

“ಪರಸಪ್ಪನವರೇ, ನಿದ್ದೆಯಲ್ಲಿ ನಿಮ್ಮ ಗಂಟಲು ಮುಚ್ಚಿಕೊಳ್ಳುತ್ತೆ. ಉಸಿರು ನಿಲ್ಲುತ್ತೆ. ಇದು ಗೊರಕೆ ಅಲ್ಲ, ಪ್ರಾಣದ ಜೊತೆ ಜಗಳ. ಎಷ್ಟು ದಿನ ಗೆಲ್ತೀರಿ? ಒಂದು ದಿನ ಆ ಮೌನ ಮುಗಿಯೋದೇ ಇಲ್ಲ.”

ಅವರು ಒಂದು ಪೆಟ್ಟಿಗೆ ಕೊಟ್ಟರು. ಪೆಟ್ಟಿಗೆಯಿಂದ ಒಂದು ಕೊಳವೆ, ಕೊಳವೆಯ ತುದಿಗೆ ಮೂಗು ಬಾಯಿ ಮುಚ್ಚುವ ಮುಖವಾಡ, ತಲೆಯ ಹಿಂದೆ ಬಿಗಿಯಲು ಪಟ್ಟಿ. ಪೆಟ್ಟಿಗೆ ಗಾಳಿ ಊದುತ್ತದೆ, ಗಾಳಿ ಗಂಟಲನ್ನು ಮುಚ್ಚಲು ಬಿಡುವುದಿಲ್ಲ. “ದಿನಾ ಹಾಕ್ಕೊಳ್ತೀರಲ್ಲ?” ಎಂದು ಕೇಳಿದರು. “ಹೂಂ” ಎಂದೆ. ಪಾಪ, ಹೊಳೆಯಾಚೆಯವರು, ನಂಬಿದರು.

ಮೊದಲನೆಯ ದಿನವೇ ಮೀಸೆ ಹೋಯಿತು. ಮೀಸೆಯ ಸಂದಿನಿಂದ ಗಾಳಿ ಸೋರಿ ಪೀಪಿ ಊದಿದ ಸದ್ದು ಬರುತ್ತಿತ್ತು, ಬೀದಿಯ ನಾಯಿಗಳು ಸಾಲಾಗಿ ಬಂದು ಕೂತವು. ನೀಲಾ ಕತ್ತರಿ ತಂದಳು. ಮೀಸೆಯಿಲ್ಲದ ನನ್ನ ಮೇಲ್ದುಟಿ ಎಷ್ಟು ಉದ್ದವೆಂದು ನನಗೆ ಗೊತ್ತಿರಲಿಲ್ಲ. ಕನ್ನಡಿಯಲ್ಲಿ ಯಾವುದೋ ಸೋದರಮಾವ ನನ್ನನ್ನು ನೋಡುತ್ತಿದ್ದ. ಬೀದಿಯ ಮಕ್ಕಳು ಕೊಳವೆಯನ್ನು ಸೊಂಡಿಲು ಎಂದು ತಿಳಿದು ಜಗಲಿಯ ಅಂಚಿಗೆ ಗರಿಕೆ ಇಟ್ಟು ಕೈಮುಗಿದು ಹೋದವು. ಪಟ್ಟಿಯ ಗುರುತು ಕೆನ್ನೆಯ ಮೇಲೆ ಸಂಜೆಯವರೆಗೂ ಉಳಿಯುತ್ತಿತ್ತು. ಬಾಯಿ ಒಣಗುತ್ತಿತ್ತು. ಪ್ರತಿಸಲ ಮಲಗಿದಾಗಲೂ ಯಾರೋ ನನ್ನ ಮುಖಕ್ಕೆ ಮುಖ ಇಟ್ಟು ಬಲವಂತವಾಗಿ ಉಪದೇಶ ಮಾಡುತ್ತಿದ್ದಾರೆ ಅನ್ನಿಸುತ್ತಿತ್ತು. ಇಷ್ಟನ್ನೂ ಸಹಿಸುತ್ತಿದ್ದೆ ಎಂದುಕೊಂಡಿದ್ದೇನೆ. ಸಹಿಸಲಾಗದೆ ಹೋದದ್ದು ಆ ಸದ್ದು. ಗಂಟಲು ತೆರೆದೇ ಇದ್ದುದರಿಂದ ‘ಉ’ ಹೋಗಿಬಿಟ್ಟಿತ್ತು. ಉಸಿರು ಹಗುರವಾಗಿ, ಒಂದೇ ಸಮನೆ, ಮುಖವಾಡದ ತೂತಿನಿಂದ ಹೊರಬರುತ್ತಿತ್ತು: ಹೂಂ… ಹೂಂ… ಹೂಂ…

ಸುದ್ದಿ ಹಬ್ಬಲು ಹೊತ್ತು ಬೇಕಾಗಲಿಲ್ಲ. ಇಷ್ಟು ವರ್ಷ ಉಹೂಂ ಕೇಳಿ ಹೋಗಿದ್ದವರೆಲ್ಲ ನಿದ್ದೆ ಬಿಟ್ಟು ನನ್ನ ಜಗಲಿಗೆ ಬಂದರು. ಏಣಿ ಹೋಯಿತು. ಗಿರಣಿಯವನ ಬಾಕಿ ಹೋಯಿತು. ಭಜನೆ ಮನೆಯ ಗೋಡೆಗೆಲ್ಲ ಬಿಟ್ಟಿ ಬಣ್ಣ ಹೊಡೆಯಲು ಒಪ್ಪಿಕೊಂಡಿದ್ದೆ. ಹುಣ್ಣಿಮೆಯ ನಾಟಕದಲ್ಲಿ ಸತ್ತ ರಾಜನ ಪಾತ್ರ ಮಾಡಲು ಒಪ್ಪಿಕೊಂಡಿದ್ದೆ. ಮೊದಲ ದೃಶ್ಯದಿಂದ ಕೊನೆಯವರೆಗೆ ಅಲ್ಲಾಡದೆ ಮಲಗಿರಬೇಕು, ಮೀಸೆಯನ್ನು ಅವರೇ ಅಂಟಿಸುತ್ತಾರಂತೆ. ಈಗ ಸೈಕಲ್ಲು.

ಯಮನಪ್ಪ ಬೀದಿಯ ತಿರುವಿನಲ್ಲಿ ಮರೆಯಾದ ಮೇಲೆ ನಾನು ಸೀದಾ ಬಸಲಿಂಗಜ್ಜನ ಹತ್ತಿರ ಹೋದೆ. ಹೂಂ, ಉಹೂಂಗಳ ಜಗಳ ಬಿಡಿಸುವವನು ಅವನೇ. ಅಜ್ಜ ಮಲಗಿದ್ದ, ಎಚ್ಚರವಿದ್ದರೆ ಕೇಳಿ ಪ್ರಯೋಜನವೂ ಇರಲಿಲ್ಲ. ಸುತ್ತ ನಾಲ್ಕು ಜನ ಸೇರಿದರು. ನಾನು ಬಾಗಿ, ಗಾಬರಿಯಲ್ಲಿ ಕೇಳಿದೆ: “ಅಜ್ಜಾ, ಯಂತ್ರದ ಹೂಂ ಖರೇ ಹೂಂ ಅಲ್ಲ, ಹೌದಿಲ್ಲೋ?”

ಅಜ್ಜ “ಹೂಂ” ಎಂದ.

“ಕೇಳಿದ್ರೇನ್ರಿ? ಹೂಂ ಅಲ್ಲ ಅಂದ!” ಎಂದು ನಾನು ಕುಣಿದೆ.

“ಎಲ್ಲಿ ಅಂದ?” ಎಂದ ಗಿರಣಿಯವನು. “ನೀವು ‘ಹೌದಿಲ್ಲೋ’ ಅಂದ್ರಿ. ಅಜ್ಜ ಯಾವುದಕ್ಕ ಹೂಂ ಅಂದ, ಹೌದಕ್ಕೋ ಇಲ್ಲೋಕ್ಕೋ?”

ಮತ್ತೆ ಸರಿಯಾಗಿ ಕೇಳೋಣವೆಂದರೆ ಅಷ್ಟರಲ್ಲಿ ನಮ್ಮ ಗದ್ದಲಕ್ಕೆ ಅಜ್ಜ ಎದ್ದು ಕೂತಿದ್ದ. “ಏನ್ ಹೇಳ್ತಿ ತಮ್ಮಾ?” ಎಂದು ಕೇಳಿ, ನಾನು ಹೇಳಿದ್ದಕ್ಕೆಲ್ಲ ಹೂಂ ಎಂದ, ಗಿರಣಿಯವನು ಹೇಳಿದ್ದಕ್ಕೂ ಹೂಂ ಎಂದ. ಒಮ್ಮೆ ಕೇಳಿದ್ದನ್ನು ಅಜ್ಜನಿಗೆ ಎರಡನೆಯ ಸಲ ಕೇಳುವ ಪದ್ಧತಿಯಿಲ್ಲ.

ಬೇಸರದಿಂದ ಮನೆಗೆ ಬಂದಾಗ ಜಗಲಿಯ ಮೇಲೆ, ನನ್ನ ಚಾಪೆಯ ಪಕ್ಕ ಇನ್ನೊಂದು ಚಾಪೆ ಇತ್ತು. ಅದರ ಮೇಲೆ ನೀಲಾ ಮಲಗಿದ್ದಳು. ಪೆಟ್ಟಿಗೆ ಬಂದಾಗಿನಿಂದ ಅವಳು ಹಾಗೆ ಮಲಗುತ್ತಿದ್ದಳಂತೆ. ನಾನು ಮುಖವಾಡ ಹಾಕಿಕೊಂಡು ನಿದ್ದೆ ಹೋದ ಮೇಲೆ ಮಲಗಿ, ನಾನು ಏಳುವ ಮೊದಲೇ ಏಳುತ್ತಿದ್ದಳು; ಇವತ್ತು ಸೈಕಲ್ಲಿನ ಗಡಿಬಿಡಿಯಲ್ಲಿ ನಾನು ಪಕ್ಕಕ್ಕೆ ನೋಡಿರಲಿಲ್ಲ. ಬಾಯಿ ಸ್ವಲ್ಪ ತೆರೆದು, ಒಂದು ಕೈ ತಲೆಯ ಮೇಲೆ ಚೆಲ್ಲಿ, ಬಾವಿಗೆ ಬಿಟ್ಟ ಕೊಡದ ಹಾಗೆ ಮುಳುಗಿದ್ದಳು. ದ್ಯಾಮವ್ವ ಗಡಿಗೆಯ ಹತ್ತಿರ ಬಗ್ಗಿದ್ದವಳು, ಮಲಗಿದವಳನ್ನು ಕೇಳದೆ ಮುಟ್ಟಬಾರದೆಂದು, “ನೀಲವ್ವಾ, ಮೊಸರು ತಗೋಳ್ಳೇನವಾ?” ಎಂದಳು.

“ಉಹೂಂ” ಎಂದಳು ನೀಲಾ, ನಿದ್ದೆಯಲ್ಲಿ. ಗರ್ಜನೆ ಇಲ್ಲ, ಮೌನ ಇಲ್ಲ. ನೊಣ ಓಡಿಸಿದ ಹಾಗೆ.

ದ್ಯಾಮವ್ವ ಬಗ್ಗಿದವಳು ಬಗ್ಗಿದಂತೆಯೇ ನಿಂತಳು. ಇಷ್ಟು ವರ್ಷ ತಿಂದ ಮೊಸರೆಲ್ಲ ಒಮ್ಮೆಲೇ ನೆನಪಾದಂತೆ ಮುಖ ಕೆಂಪಾಯಿತು. ಆದರೆ ಜಗಳಗಂಟಿಯಲ್ಲ ಅವಳು. ಗಡಿಗೆ ಬಿಟ್ಟು, ನೀಲಾಳ ಪಕ್ಕದಲ್ಲೇ ಕೂತು, ಮೆಲ್ಲಗೆ ಕೇಳಿದಳು: “ಹಂಗಾರ ಸಂಜೀಕ ನಮ್ಮ ಜೋಡಿ ಹೊಳ್ಯಾಗ ಈಜಾಕ ಬರ್ತೀಯೇನು?” “ಹೂಂ” ಎಂದಳು ನನ್ನ ಹೆಂಡತಿ, ನಿದ್ದೆಯಲ್ಲೇ ನಕ್ಕಳು. ಅವಳಿಗೆ ಈಜು ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಇದನ್ನು ನೋಡಿ ನನಗೆ ಏನೇನೋ ಅನ್ನಿಸಬೇಕಿತ್ತು. ಅನ್ನಿಸಿದ್ದು ಒಂದೇ: ಮನೆಯಲ್ಲಿ ಉಹೂಂ ಅನ್ನುವವರು ಈಗ ಇವಳೊಬ್ಬಳೇ ಆದಳಲ್ಲ.

ಅಂದಿನಿಂದ ನಾನು ಮುಖವಾಡವನ್ನು ಬಿಡಲಿಲ್ಲ. ಮುಂದಕ್ಕೆ ಹಾಕಿದೆ ಅಷ್ಟೇ. ಇವತ್ತು ನೆಗಡಿ, ನಾಳೆಯಿಂದ. ಇವತ್ತು ಕರೆಂಟು ಹೋಗಬಹುದು, ನಾಳೆಯಿಂದ. ಇವತ್ತು ಮೀಸೆ ಮೊಳಕೆ ಬಿಟ್ಟಿದೆ, ಪಾಪ, ಅದು ಬಲಿಯಲಿ. ನೀಲಾ ಪಟ್ಟಿ ಬಿಗಿಯುವಾಗ ತಗ್ಗಿ ಕೂರುತ್ತಿದ್ದೆ, ಅವಳು ಮಲಗಿ ಮುಳುಗಿದ ಮೇಲೆ ಮೆಲ್ಲನೆ ಬಿಚ್ಚಿ, ಪೆಟ್ಟಿಗೆ ಆರಿಸಿ, ಬೋಳು ಮೂಗಿನಲ್ಲಿ ಮಲಗುತ್ತಿದ್ದೆ. ಕದ್ದು ಬೀಡಿ ಸೇದುವವರಿದ್ದಾರೆ. ಕದ್ದು ಉಸಿರುಗಟ್ಟುವವನು ನಾನೊಬ್ಬನೇ ಇರಬೇಕು. ಜಗಲಿ ಮತ್ತೆ ನಡುಗಿತು. ಕೇಳಲು ಬಂದವರು ಬೆಚ್ಚಿ ವಾಪಸ್ಸು ಹೋದರು. ‘ಉಹೂಂ ಪೇಂಟರ್’ ಎಂಬ ಹೆಸರು ಮರಳಿ ಬಂತು.

ಆಮೇಲೊಂದು ಮಧ್ಯಾಹ್ನ ಕಣ್ಣು ತೆರೆದರೆ, ಬೀದಿಯ ಅರ್ಧ ಜನ ನನ್ನ ಮೇಲೆ ಬಾಗಿದ್ದರು. ಎದೆಯ ಮೇಲೆ ಯಮನಪ್ಪ ಕೂತಿದ್ದ. ಮೈಯೆಲ್ಲ ನೀರು. ನೀಲಾ ಗೋಡೆಗೆ ಆತುಕೊಂಡು ನಿಂತಿದ್ದಳು, ಕೈಯಲ್ಲಿ ಮುರಿದ ಬೀಸಣಿಗೆ.

“ನೀವು ನೀಲಿಗಟ್ಟಿದ್ರಿ” ಎಂದ ಯಮನಪ್ಪ ಇಳಿಯುತ್ತ. “ನಿಮ್ಮ ಬಣ್ಣದ ಡಬ್ಬಿ ಒಳಗಿನ ನೀಲಿನೂ ಅಷ್ಟು ಚಲೋ ಇಲ್ಲ. ನಾ ಸೈಕಲ್ಲಿನ ಪಂಪ್ ಕೇಳಾಕ ಬಂದಿದ್ದೆ. ‘ಉ’ ಅಂದ್ರಿ. ಕುಂತೆ, ಕುಂತೆ… ‘ಹೂಂ’ ಬರಲೇ ಇಲ್ಲ.”

ನೀಲಾ ಒಂದೇ ಮಾತು ಆಡಿದಳು: “ನಾ ಬಾಜೂಕ ಮಲಗಿದ್ದೆ. ನನಗ ಕೇಳಿಸಲಿಲ್ಲ.”

ಜನರೆದುರೇ ಅವಳು ನನಗೆ ಮುಖವಾಡ ಹಾಕಿಕೊಳ್ಳುತ್ತೀರಾ ಎಂದು ಕೇಳಿದಳು. ನಾನು ಹೂಂ ಎಂದೆ. ಎಚ್ಚರದ ಹೂಂ, ಎಲ್ಲರೂ ನೆಲ ನೋಡಿದರು. ಆದ್ದರಿಂದ ಮರುದಿನ ಮಧ್ಯಾಹ್ನ, ಪದ್ಧತಿಯ ಪ್ರಕಾರ, ನನ್ನನ್ನು ಬೋಳು ಮೂಗಿನಲ್ಲಿ ಮಲಗಿಸಿ ಸಾಕ್ಷಿಗೆ ಬಸಲಿಂಗಜ್ಜನನ್ನೂ ಕೂರಿಸಿಕೊಂಡು ಕೇಳಿದಳಂತೆ. “ರೀ, ಇನ್ನ ಮ್ಯಾಲ ದಿನಾ ಹಾಕ್ಕೋತೀರೇನು?” ನಾನು ‘ಉ’ ಎಂದೆನಂತೆ. ಮೌನವಂತೆ. ನೀಲಾ ತಿವಿದಳಂತೆ. “ಹೂಂ!” ಎಂದೆನಂತೆ, ಎಂದಿಗಿಂತ ಜೋರಾಗಿ.

ಹೀಗೆ ರೋಗವೇ ನನ್ನ ಬಾಯಿಂದ ಔಷಧ ಬೇಡವೆಂದಿತು, ಊರು ಅದನ್ನು ಮಾನ್ಯ ಮಾಡಿತು. ಮುಖವಾಡ ಹಾಕಿ ಕೇಳೋಣವೆಂದರೆ ಯಂತ್ರದ ಹೂಂ ನಿಜವಾದ ಹೂಂ ಹೌದೋ ಅಲ್ಲವೋ ಎನ್ನುವುದು ಅಜ್ಜನಲ್ಲೇ ಸಿಕ್ಕಿಹಾಕಿಕೊಂಡಿತ್ತು. ನಾನು ಎದ್ದಾಗ ಯಮನಪ್ಪ ಬೆನ್ನು ತಟ್ಟಿದ. “ಪ್ರಾಣಕ್ಕೂ ಬ್ಯಾಡ ಅಂದ್ರಲ್ಲ ಪೇಂಟರ್ರ, ಗಂಡಸಂದ್ರ ನೀವು!” ನಾನು ಮೊಳಕೆ ಮೀಸೆಯನ್ನು ತೀಡಿದೆ. ನೀಲಾ ಒಳಗೆ ಹೋಗಿ ಒಗೆದ ಸೀರೆಯನ್ನು, ಹೊಳೆಯ ಮರಳು ಇನ್ನೂ ಅಂಟಿಕೊಂಡಿದ್ದ ಸೀರೆಯನ್ನು, ಮತ್ತೊಮ್ಮೆ ಕೊಡವಿದಳು.

ನನಗೇನೂ ಅರ್ಥವಾಗುವುದಿಲ್ಲ ಎಂದಲ್ಲ. ಸಾಯಲು ನನಗೂ ಇಷ್ಟವಿರಲಿಲ್ಲ. ಬಹಳ ಯೋಚಿಸಿ, ಯಾರಿಗೂ ನೋವಾಗದ ಒಂದು ದಾರಿ ಕಂಡುಹಿಡಿದೆ. ಆ ಹಳೆಯ ಸ್ಟೂಲನ್ನು ಅಟ್ಟದಿಂದ ಇಳಿಸಿದೆ. ಉಜ್ಜಿ, ಕೆಂಪು ಬಣ್ಣ ಕೊಟ್ಟೆ. ಕಾಲುಗಳಿಗೆ ಹಸಿರು. ಮೇಲೆ ಹೊಸ ಹತ್ತಿಯ ಮೆತ್ತೆ. ಹೊಸ ಬೀಸಣಿಗೆ ತಂದೆ, ಹಿಡಿಗೆ ಬಟ್ಟೆ ಸುತ್ತಿದೆ, ಅವಳ ಅಂಗೈ ನೋಯಬಾರದೆಂದು. ನನ್ನ ಪಕ್ಕೆಯೂ ಸ್ವಲ್ಪ ಮನಸ್ಸಿನಲ್ಲಿತ್ತು. ಕೊನೆಗೆ ಸ್ಟೂಲಿನ ಮುಂಭಾಗದಲ್ಲಿ ಹಳದಿಯಲ್ಲಿ ಅವಳ ಹೆಸರು ಬರೆದೆ. ಊರಿಗೆಲ್ಲ ಹೆಸರು ಬರೆದವನು ಅವಳ ಹೆಸರು ಬರೆದಿರಲಿಲ್ಲ.

ಊಟ ಮುಗಿಸಿ, ಬೀದಿ ಚಾಪೆ ಹಾಸುವ ಹೊತ್ತಿಗೆ ಸ್ಟೂಲನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಜಗಲಿಗೆ ತಂದೆ. ನೀಲಾ ತನ್ನ ಚಾಪೆ ಬಿಡಿಸುತ್ತಿದ್ದಳು. ದ್ಯಾಮವ್ವ, ಯಮನಪ್ಪ, ಎದುರು ಮನೆಯವರು, ಎಲ್ಲ ನೋಡುತ್ತಿದ್ದರು.

“ನೋಡು” ಎಂದೆ. “ಇನ್ನ ಆ ಪೆಟಗಿ ಹಂಗು ಬ್ಯಾಡ. ವಾಪಸ್ ಕೊಟ್ಟುಬಿಡೂಣು. ಮೊದಲಿನ್ಹಂಗ ನೀ ಇಲ್ಲಿ ಕುಂದ್ರು. ಮೆತ್ತಿ ಹಾಕೀನಿ.”

ಅವಳು ಸ್ಟೂಲನ್ನು ನೋಡಿದಳು. ಬೆರಳಿನಿಂದ ತನ್ನ ಹೆಸರನ್ನು ಮುಟ್ಟಿದಳು. ನೀ, ಲ, ಗಂ, ಗಾ. ‘ಗಾ’ದ ದೀರ್ಘದ ಹತ್ತಿರ ಬೆರಳು ನಿಂತಿತು. ಅಲ್ಲಿಂದ ಹಳದಿ ಗೆರೆ ಕೆಂಪಿನ ಮೇಲೆ ಇಳಿದು, ಹಸಿರು ಕಾಲಿನ ಮೇಲೆ ಇಳಿದು, ತುದಿಯವರೆಗೂ ಹೋಗಿತ್ತು.

“ಇದೇನ್ರಿ?”

“ಅದು… ದೀರ್ಘ.”

“ನನ್ನ ಹೆಸರು ಬರಿಯೂವಾಗನೂ ನಿದ್ದಿ ಹತ್ತಿತ್ತೇನು?”

“ಹೂಂ” ಎಂದೆ. ಬಹುಶಃ ಎಚ್ಚರವಿದ್ದು ನಾನು ಆಡಿದ ಮೊದಲ ನಿಜವಾದ ಹೂಂ ಅದು.

ಆದರೂ ನನಗೆ ಧೈರ್ಯವಿತ್ತು. ಅವಳು ಎಚ್ಚರವಾಗಿದ್ದಳು, ಎದುರಿಗೆ ಬೀದಿಯಿತ್ತು, ಎಚ್ಚರವಿದ್ದವರು ಹೂಂ ಅನ್ನದೆ ಇನ್ನೇನು ಅನ್ನುತ್ತಾರೆ? ಹೂಂ ಅಂದು ಕೂತರೆ ಸಾಕು, ಉಳಿದದ್ದು ರೂಢಿ ನೋಡಿಕೊಳ್ಳುತ್ತದೆ. ನಾನು ಬೀಸಣಿಗೆಯನ್ನು ಮೆತ್ತೆಯ ಮೇಲೆ ಇಟ್ಟು ಸ್ಟೂಲನ್ನು ಅವಳ ಕಡೆ ಸರಿಸಿದೆ.

ನೀಲಾ ಬೀಸಣಿಗೆಯನ್ನು ತೆಗೆದು ನನ್ನ ಕೈಗೇ ಕೊಟ್ಟಳು. ಚಾಪೆಯ ಮಡಿಕೆಯನ್ನು ಕಾಲಿನಿಂದ ಸರಿಮಾಡಿದಳು. ಮಲಗಲಿಲ್ಲ. ಎರಡೂ ಕಣ್ಣು ಪೂರ್ತಿ ತೆರೆದು, ನನ್ನನ್ನೇ ನೋಡುತ್ತ, ಬೀದಿಗೆಲ್ಲ ಕೇಳುವಂತೆ,

“ಒಲ್ಲೆ” ಎಂದಳು.